ಪಾಲುದಾರ ಎಂದು ಹೆಸರು, ಲೆಕ್ಕ ಕೇಳಲು ದಾರಿಯಿಲ್ಲ

ಬೆಂಗಳೂರಿನ ಶಿವಾಜಿನಗರದ ಲೇಡಿ ಕರ್ಜನ್ ರಸ್ತೆಯಲ್ಲಿದ್ದ, ಬಡ್ಡಿಯಿಲ್ಲದ ಲಾಭದ ಹೆಸರಿನಲ್ಲಿ ಹಣ ಎತ್ತಿದ್ದ ಐಎಂಎ ಎಂಬ ಹೂಡಿಕೆ ಸಂಸ್ಥೆಯ ಕಚೇರಿಯ ಮುಂದೆ 2019ರ ಜೂನ್ 10ರಂದು ಸೇರಿದ ಸಾವಿರಾರು ಜನ ತಮ್ಮನ್ನು ಠೇವಣಿದಾರರು ಎಂದೇ ತಿಳಿದಿದ್ದರು. ಕಾಗದದ ಮೇಲೆ ಅವರಲ್ಲಿ ಬಹಳಷ್ಟು ಜನ ಪಾಲುದಾರರು. ಸಂಸ್ಥೆ ಕಟ್ಟಿದ ಮೊಹಮ್ಮದ್ ಮನ್ಸೂರ್ ಖಾನ್ ಅಷ್ಟರಲ್ಲಿ ದುಬೈ ಸೇರಿಯಾಗಿತ್ತು. ಅವರದೆಂದು ಹರಿದಾಡಿದ ಧ್ವನಿಮುದ್ರಿಕೆ ಮಾತ್ರ ಊರಿನಲ್ಲಿತ್ತು. ಸಿಬಿಐ ಲೆಕ್ಕದಲ್ಲಿ ಹಣ ಹಾಕಿದವರು ಒಂದು ಲಕ್ಷಕ್ಕೂ ಹೆಚ್ಚು, ಮೊತ್ತ ಸುಮಾರು ₹4,000 ಕೋಟಿ. ಆ ವರ್ಷ ಜಾರಿ ನಿರ್ದೇಶನಾಲಯ ಜಪ್ತಿ ಮಾಡಿದ ಆಸ್ತಿಯ ಮೌಲ್ಯ ಸುಮಾರು ₹209 ಕೋಟಿ.

‘ದುರಾಸೆಗೆ ಬಿದ್ದರು, ಅನುಭವಿಸಲಿ’ ಎಂಬುದು ಆಗ ಸುಲಭವಾಗಿ ಕೇಳಿಬಂದ ತೀರ್ಪು. ಅದು ಅರ್ಧ ಸತ್ಯವೂ ಅಲ್ಲ. ಬ್ಯಾಂಕುಗಳು ಕೊಡುವುದಕ್ಕಿಂತ ಹಲವು ಪಟ್ಟು ಹೆಚ್ಚು ಆದಾಯ ತೋರಿಸಿದ್ದು ನಿಜ. ಆದರೆ ಟ್ಯಾನರಿ ರಸ್ತೆ, ಫ್ರೇಜರ್ ಟೌನ್, ಹಲಸೂರು, ದಂಡಿನ ಕಾಲದಿಂದಲೂ ದುಡಿಯುವವರ ಬಡಾವಣೆಯಾದ ಮರ್ಫಿ ಟೌನ್, ಹೀಗೆ ಕಂಟೋನ್ಮೆಂಟ್ ಸುತ್ತಿನ ಕೇರಿಗಳಲ್ಲಿ ಬಡ್ಡಿ ಮುಟ್ಟಬಾರದು ಎಂದು ನಂಬಿದ ಮನೆಗಳಿವೆ. ಉಳಿತಾಯ ಖಾತೆಗೆ ಬಿದ್ದ ಬಡ್ಡಿಯನ್ನು ಲೆಕ್ಕ ಹಾಕಿ ತೆಗೆದು ಬಡವರಿಗೆ ಕೊಟ್ಟುಬಿಡುವವರಿದ್ದಾರೆ. ಮಗಳ ಮದುವೆಗೆ, ಹಜ್‌ಗೆ ಎಂದು ಕೂಡಿಟ್ಟ ಹಣವನ್ನು ಬಡ್ಡಿಯಿಲ್ಲದೆ ಬೆಳೆಸುವ ದಾರಿಯನ್ನು ಅವರು ಹುಡುಕುತ್ತಿದ್ದರು. ಬ್ಯಾಂಕುಗಳಲ್ಲಿ ಅಂಥ ಕಾನೂನುಬದ್ಧ ದಾರಿ ಇರಲಿಲ್ಲ. ಇದ್ದಂತೆ ಕಂಡ ದಾರಿಯಲ್ಲಿ ನಡೆದರು.

ಇಸ್ಲಾಮಿಕ್ ಬ್ಯಾಂಕಿಂಗ್‌ನ ಒಳಗುಟ್ಟು ತಿಳಿದರೆ ಈ ಹಗರಣದ ಆಳ ಗೊತ್ತಾಗುತ್ತದೆ. ಮುದಾರಬಾ ಎಂಬ ಒಪ್ಪಂದದಲ್ಲಿ ಒಬ್ಬ ಹಣ ಹಾಕುತ್ತಾನೆ, ಇನ್ನೊಬ್ಬ ವ್ಯವಹಾರ ನಡೆಸುತ್ತಾನೆ. ಲಾಭ ಬಂದರೆ ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಿಕೆ. ನಷ್ಟವಾದರೆ, ವ್ಯವಹಾರ ನಡೆಸಿದವನ ಮೋಸ ಅಥವಾ ಬೇಜವಾಬ್ದಾರಿ ಸಾಬೀತಾಗದ ಹೊರತು, ಹಣ ಹಾಕಿದವನೇ ಅಷ್ಟನ್ನೂ ಹೊರಬೇಕು. ಅಂದರೆ ಇಲ್ಲಿ ಹಣ ಇಟ್ಟವರಿಗೆ ಷೇರುದಾರರ ಅಪಾಯವೆಲ್ಲ ಉಂಟು, ಷೇರುದಾರರ ಮತ ಇಲ್ಲ. ಸಾಮಾನ್ಯ ಬ್ಯಾಂಕಿನ ಗ್ರಾಹಕರಿಗಿಂತ ಇವರಿಗೆ ಹೆಚ್ಚು ಮಾಹಿತಿ, ಹೆಚ್ಚು ಕಾವಲು ಬೇಕು. ಕ್ವಾಲಾಲಂಪುರದ ಇಸ್ಲಾಮಿಕ್ ಹಣಕಾಸು ಸೇವಾ ಮಂಡಳಿ 2006ರಲ್ಲಿ ಹೊರತಂದ ಆಡಳಿತ ತತ್ವಗಳು ಈ ಖಾತೆದಾರರ ಹಕ್ಕನ್ನೇ ಒಂದು ಮುಖ್ಯ ವಿಷಯವಾಗಿ ಎತ್ತಿಕೊಂಡಿವೆ.

ಮಲೇಷ್ಯಾ ಇನ್ನೂ ಮುಂದೆ ಹೋಗಿದೆ. ಅಲ್ಲಿನ 2013ರ ಕಾನೂನಿನಲ್ಲಿ ಶರೀಯಾ ನಿಯಮ ಮುರಿದರೆ ಎಂಟು ವರ್ಷದವರೆಗೆ ಜೈಲು ಅಥವಾ 2.5 ಕೋಟಿ ರಿಂಗಿಟ್‌ವರೆಗೆ ದಂಡ. ಬ್ಯಾಂಕಿನ ನಿರ್ದೇಶಕರಷ್ಟೇ ಅಲ್ಲ, ಶರೀಯಾ ಸಮಿತಿಯಲ್ಲಿ ಕುಳಿತ ವಿದ್ವಾಂಸರೂ ಈ ಕುಣಿಕೆಯಿಂದ ಹೊರಗಿಲ್ಲ. ‘ಇದು ಹಲಾಲ್’ ಎಂದು ಸಹಿ ಹಾಕುವವನು ಆ ಸಹಿಗೆ ಹೊಣೆಗಾರ.

ಬೆಂಗಳೂರಿನಲ್ಲಿ ಇದ್ದದ್ದೇನು? ವೇದಿಕೆಯ ಮೇಲಿನ ಹೊಗಳಿಕೆ. ಐಎಂಎ ಚಿನ್ನದ ಮಳಿಗೆ, ಔಷಧ ಅಂಗಡಿ ತೆರೆಯಿತು. ಶಿವಾಜಿನಗರದ ವಿ.ಕೆ. ಒಬೇದುಲ್ಲಾ ಸರ್ಕಾರಿ ಶಾಲೆಯನ್ನು ಹೊಸದಾಗಿ ಕಟ್ಟಿ ಕೊಟ್ಟಿತು. ಒಳ್ಳೆಯ ಶಾಲೆಯೇ, ಮಕ್ಕಳಿಗೆ ಅನುಕೂಲವೂ ಆಯಿತು. ಆದರೆ ಆ ಕಟ್ಟಡವನ್ನು ಜನ ಲೆಕ್ಕಪತ್ರದ ಬದಲು ಓದಿಕೊಂಡರು. ಕೆಲವು ಧಾರ್ಮಿಕ ಮುಖಂಡರು ಸಂಸ್ಥೆಗೆ ಒತ್ತಾಸೆಯಾದರು; ಜನರನ್ನು ಹೂಡಿಕೆಗೆ ಪ್ರೇರೇಪಿಸಿದ ಆರೋಪದ ಮೇಲೆ ಒಬ್ಬ ಇಮಾಮರನ್ನು ವಿಶೇಷ ತನಿಖಾ ತಂಡ (ಎಸ್‌ಐಟಿ) ಬಂಧಿಸಿತು. ಲಾಭ ಹಂಚಿಕೊಳ್ಳುವುದು ಧರ್ಮಸಮ್ಮತವೇ ಎಂದು ಕೇಳಿದರೆ ಯಾವ ಮೌಲ್ವಿಯೂ ಹೌದು ಎನ್ನಬೇಕಾದದ್ದೇ. ಆ ಲಾಭ ಯಾವ ವ್ಯಾಪಾರದಲ್ಲಿ ಹುಟ್ಟಿತು ಎಂಬುದು ಲೆಕ್ಕಪರಿಶೋಧಕ ಉತ್ತರಿಸಬೇಕಾದ ಪ್ರಶ್ನೆ. ಅದನ್ನು ಕೇಳಬೇಕಾದ ಶರೀಯಾ ಮಂಡಳಿ, ಸ್ವತಂತ್ರ ನಿರ್ದೇಶಕ, ನಿಯಂತ್ರಕ, ಈ ಮೂವರ ಕುರ್ಚಿಯೂ ಖಾಲಿ ಇತ್ತು. ಚಿನ್ನದ ವ್ಯಾಪಾರದ ಲಾಭ ಎಂದ ಮೇಲೆ ಅದಕ್ಕೊಂದು ಏರಿಳಿತ ಇರಲೇಬೇಕು. ವರ್ಷಗಟ್ಟಲೆ ನಷ್ಟವನ್ನೇ ಕಾಣದ ಮುದಾರಬಾ ಅನುಮಾನ ಹುಟ್ಟಿಸಬೇಕಿತ್ತು. ಈಜಿಪ್ಟಿನಲ್ಲಿ 1980ರ ದಶಕದಲ್ಲಿ ಅಲ್-ರಯ್ಯಾನ್ ಮುಂತಾದ ‘ಇಸ್ಲಾಮಿಕ್’ ಹೂಡಿಕೆ ಕಂಪನಿಗಳು ಇದೇ ರೀತಿ ಜನರ ಹಣ ಎತ್ತಿ, ವಿದ್ವಾಂಸರ ನೆರಳಲ್ಲಿ ಬೆಳೆದು, 1988ರಲ್ಲಿ ಸರ್ಕಾರ ಕಾನೂನು ಬಿಗಿ ಮಾಡಿದ ಮೇಲೆ ಕುಸಿದವು. ಆ ಕಥೆ ನಮ್ಮವರ ಕಿವಿಗೆ ಬಿದ್ದಿರಲಿಲ್ಲ.

ಸರ್ಕಾರಕ್ಕಂತೂ ತಿಳಿಯದ ಸಂಗತಿಯಲ್ಲ. ರಿಸರ್ವ್ ಬ್ಯಾಂಕ್ ಹಲವು ಸಲ ರಾಜ್ಯದ ಗಮನಕ್ಕೆ ತಂದಿತ್ತು. ಠೇವಣಿದಾರರ ರಕ್ಷಣೆಗೆಂದೇ 2004ರ ರಾಜ್ಯ ಕಾಯ್ದೆ ಇತ್ತು, ವಿಚಾರಣೆಯೂ ನಡೆಯಿತು. ಆದರೆ ಸಂಸ್ಥೆಗೆ ಅನುಕೂಲವಾಗುವಂತೆ ನಡೆದುಕೊಳ್ಳಲು ₹1.5 ಕೋಟಿ ಪಡೆದ ಆರೋಪದ ಮೇಲೆ ಬೆಂಗಳೂರು ನಗರದ ಆಗಿನ ಜಿಲ್ಲಾಧಿಕಾರಿಯೇ 2019ರ ಜುಲೈನಲ್ಲಿ ಬಂಧಿತರಾದರು. ಶಿವಾಜಿನಗರದ ಮಾಜಿ ಶಾಸಕ ಆರ್. ರೋಷನ್ ಬೇಗ್ ಅವರನ್ನು ಇದೇ ಹಗರಣದಲ್ಲಿ 2020ರ ನವೆಂಬರ್‌ನಲ್ಲಿ ಸಿಬಿಐ ಬಂಧಿಸಿತು. ಆರೋಪವನ್ನು ಅವರು ನಿರಾಕರಿಸಿದ್ದಾರೆ. ನೈತಿಕ ನಾಯಕತ್ವದ ಪಾಠವನ್ನು ಮಸೀದಿಗೆ ಮಾತ್ರ ಹೇಳುವವರು ಕಂದಾಯ ಇಲಾಖೆಯನ್ನು ಮರೆಯಬಾರದು.

ಇನ್ನು ದೆಹಲಿ, ಮುಂಬೈ. ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ಕೊಡಬೇಕೆಂದು ರಘುರಾಂ ರಾಜನ್ ಸಮಿತಿ 2008ರಲ್ಲಿಯೇ ಶಿಫಾರಸು ಮಾಡಿತ್ತು. ಬ್ಯಾಂಕುಗಳಲ್ಲಿ ಇಂಥದೊಂದು ಕಿಟಕಿಯನ್ನು ಹಂತಹಂತವಾಗಿ ತೆರೆಯಬಹುದೆಂದು ರಿಸರ್ವ್ ಬ್ಯಾಂಕಿನ ಒಳಗುಂಪೇ ಹೇಳಿತು. ಎಲ್ಲ ನಾಗರಿಕರಿಗೂ ಬ್ಯಾಂಕಿಂಗ್ ಸೇವೆಯ ಸಮಾನ ಅವಕಾಶ ಈಗಾಗಲೇ ಇದೆ ಎಂಬ ಕಾರಣ ಕೊಟ್ಟು 2017ರಲ್ಲಿ ಆ ವಿಷಯ ಕೈಬಿಡಲಾಯಿತು. ಕಾನೂನಿನ ತೊಡಕು ಸುಳ್ಳಲ್ಲ: ಬ್ಯಾಂಕು ಸರಕು ಕೊಂಡು ಮಾರುವಂತಿಲ್ಲ ಎನ್ನುತ್ತದೆ 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ. ಆದರೂ ಕೊಟ್ಟ ಕಾರಣ ನನಗೆ ಒಪ್ಪಿಗೆಯಿಲ್ಲ. ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಒಳಗೆ ಬಡಿಸಿದ್ದನ್ನು ಎಲ್ಲರೂ ಉಣ್ಣಲಾರರು. ಸೆಬಿಯ ನಿಗಾದಲ್ಲಿ ಟಾಟಾ ಎಥಿಕಲ್ ಫಂಡ್‌ನಂಥ ಮ್ಯೂಚುವಲ್ ಫಂಡ್ ಶರೀಯಾಕ್ಕೆ ಒಪ್ಪುವ ಷೇರುಗಳಲ್ಲಿ ನಿರಾತಂಕವಾಗಿ ಹೂಡುತ್ತಿದೆ. ಅದರಿಂದ ಜಾತ್ಯತೀತತೆಗೆ ಏನೂ ಆಗಿಲ್ಲ. ಪರವಾನಗಿ ಕೊಟ್ಟರೆ ಮೋಸವೇ ನಡೆಯುವುದಿಲ್ಲ ಎಂದಲ್ಲ. ಟರ್ಕಿಯಲ್ಲಿ ಪರವಾನಗಿಯಿದ್ದ ಇಹ್ಲಾಸ್ ಫೈನಾನ್ಸ್ 2001ರಲ್ಲಿ ಮುಳುಗಿತು. ಆದರೆ ಪರವಾನಗಿ ಇದ್ದಲ್ಲಿ ಲೆಕ್ಕ ಕೇಳುವವರು ಒಬ್ಬರಾದರೂ ಇರುತ್ತಾರೆ.

ಮತ್ತೆ ಆ ಪಾಲುದಾರಿಕೆಗೆ ಬರೋಣ. ಠೇವಣಿ ಎಂದರೆ ರಿಸರ್ವ್ ಬ್ಯಾಂಕಿನ ನಿಯಮ ಅಡ್ಡ ಬರುತ್ತದೆ. ಅದಕ್ಕೇ ಹಣ ಹಾಕಿದವರನ್ನು ಎಲ್‌ಎಲ್‌ಪಿಗಳ, ಅಂದರೆ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆಗಳ ಪಾಲುದಾರರನ್ನಾಗಿ ಮಾಡಲಾಯಿತು. ಸಾಮಾನ್ಯ ಪಾಲುದಾರಿಕೆಯಲ್ಲಿ 50 ಜನರ ಮಿತಿ ಇದೆ, ಎಲ್‌ಎಲ್‌ಪಿಗೆ ಗರಿಷ್ಠ ಮಿತಿಯೇ ಇಲ್ಲ. ತಮಾಷೆಯೆಂದರೆ, ಬೇರೆ ಒಪ್ಪಂದ ಇಲ್ಲದಿದ್ದರೆ ಪ್ರತಿ ಪಾಲುದಾರನೂ ಆಡಳಿತದಲ್ಲಿ ಭಾಗವಹಿಸಬಹುದು, ಸರಿಯಾದ ಲೆಕ್ಕ ಪಡೆಯಬಹುದು ಎನ್ನುತ್ತದೆ 2008ರ ಎಲ್‌ಎಲ್‌ಪಿ ಕಾಯ್ದೆಯ ಅನುಸೂಚಿ. ದರ್ಜಿಯೂ ನಿವೃತ್ತ ಗುಮಾಸ್ತನೂ ಆ ಹಕ್ಕಿನ ಒಡೆಯರು. ಅದನ್ನು ಅವರಿಗೆ ಹೇಳುವ ಅಗತ್ಯ ಯಾರಿಗೂ ಇರಲಿಲ್ಲ.

ಐಎಂಎ ಕುಸಿದ ವರ್ಷವೇ ಸಂಸತ್ತು ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ತಂದಿತು. ಕಠಿಣ ಕಾಯ್ದೆಯೇ. ಆದರೆ ಪಾಲುದಾರರು ಬಂಡವಾಳವಾಗಿ ಹಾಕುವ ಹಣವನ್ನು ಅದು ಠೇವಣಿಯ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ, ಎಲ್‌ಎಲ್‌ಪಿಯ ಹೆಸರು ಹೇಳಿಯೇ ಹೊರಗಿಟ್ಟಿದೆ. ನೂರು ಜನರಿಗಿಂತ ಹೆಚ್ಚು ಪಾಲುದಾರರಿರುವ ಎಲ್‌ಎಲ್‌ಪಿ ಕಂಡರೆ ರಿಜಿಸ್ಟ್ರಾರ್ ಕಚೇರಿ ತಾನಾಗಿಯೇ ರಿಸರ್ವ್ ಬ್ಯಾಂಕಿಗೆ ತಿಳಿಸಬೇಕು ಎಂಬ ಒಂದು ಸಾಲಿನ ನಿಯಮ ಸಾಕು, ಮುಂದಿನ ಐಎಂಎಯನ್ನು ಮೊದಲ ವರ್ಷದಲ್ಲಿಯೇ ಹಿಡಿಯಬಹುದು.