ಗಿರಾಕಿ ಬೆಂಗಳೂರಿನಲ್ಲಿಲ್ಲ, ಕೇಶ್ವಾಪುರದ ಸುತ್ತಲೇ ಇದ್ದಾರೆ

ಹುಬ್ಬಳ್ಳಿಯ ಕೇಶ್ವಾಪುರದಂಥ ಕಡೆ ಒಂದು ಕೋಣೆ ಬಾಡಿಗೆ ಹಿಡಿದು, ಗೋಡೆಗೆ ಫೋಮ್ ಬಡಿದು, ಕಂಪ್ಯೂಟರ್ ಮತ್ತು ಒಂದು ಜೋಡಿ ಸ್ಪೀಕರ್ ಇಟ್ಟುಕೊಂಡು ಆಡಿಯೋ ಮಾಸ್ಟರಿಂಗ್ ಮಾಡುವ ಹುಡುಗರದು ಒಂದೇ ಮಾತು: "ಕೆಲಸ ಗೊತ್ತೈತ್ರಿ, ಗಿರಾಕಿ ಇಲ್ಲ." ಗಿರಾಕಿ ಇದ್ದಾರೆ, ಇವರು ನೋಡುತ್ತಿರುವ ದಿಕ್ಕೇ ಬೇರೆ ಎಂಬುದು ನಮ್ಮ ವಾದ.

ಮಾಸ್ಟರಿಂಗ್ ಅಂದರೆ ದನಿ, ವಾದ್ಯ ಎಲ್ಲ ಕೂಡಿಸಿದ ಮೇಲೆ ಕೊನೆಗೊಮ್ಮೆ ಹಾಡಿನ ಹದ ನೋಡುವುದು. ಅಡುಗೆ ಇಳಿಸುವ ಮುಂಚೆ ಉಪ್ಪು ನೋಡಿದಂತೆ. ಅದೇ ಹಾಡು ಫೋನಿನಲ್ಲೂ, ಟ್ರ್ಯಾಕ್ಟರಿನ ಟೇಪಿನಲ್ಲೂ, ಜಾತ್ರೆಯ ಮೈಕಿನಲ್ಲೂ ಪದ ನುಂಗದೆ ಕೇಳಬೇಕು.

1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ ಅವರಂಥವರು ಪ್ಲೇಟ್ ಹಾಡಲು ಮುಂಬೈಗೆ ಹೋಗಬೇಕಿತ್ತು. 1950ರಲ್ಲಿ ಧಾರವಾಡಕ್ಕೆ ಆಕಾಶವಾಣಿ ಬಂತು, ದಾರಿ ಹತ್ತಿರವಾಯಿತು. ಈಗ ಕುಂದಗೋಳ, ನವಲಗುಂದದ ಕಡೆಯ ಜನಪದ ಗಾಯಕ ಊರಲ್ಲೇ ಹಾಡಿ ಅಂದೇ ಯೂಟ್ಯೂಬಿಗೆ ಹಾಕುತ್ತಾನೆ. ರೆಕಾರ್ಡಿಂಗ್ ಮನೆ ಬಾಗಿಲಿಗೆ ಬಂದಿದೆ, ಆದರೆ ಕೊನೆಯ ಹದ ಬಂದಿಲ್ಲ. ಕೀಬೋರ್ಡ್ ಕಿರುಚುತ್ತದೆ, ತಂಬೂರಿ ಕಾಣೆಯಾಗುತ್ತದೆ, ಹಾಡಿನ ಅರ್ಧ ಪದ ತಿಳಿಯುವುದಿಲ್ಲ. ಕೇಳುವವರು ಹತ್ತು ಸೆಕೆಂಡಿಗೆ ಬೆರಳು ಸರಿಸುತ್ತಾರೆ. ನಷ್ಟ ಹಾಡಿದವನಿಗೆ.

ಇಂಥ ಗಾಯಕರು, ಭಜನಾ ಮಂಡಳಿಗಳು, ನಾಟಕದ ತಂಡಗಳು, ಮಠದ ಪ್ರವಚನ ಹಾಕುವವರು, ಇವರೇ ಗಿರಾಕಿಗಳು. ಹುಡುಗರ ಕಣ್ಣು ಮಾತ್ರ ಸಿನಿಮಾದ ಮೇಲೆ. ಅಲ್ಲಿ ಪಾಳಿ ಹಚ್ಚಿದವರಿಗೆ ಲೆಕ್ಕವಿಲ್ಲ.

ಇವರನ್ನು ಮುಟ್ಟಲು ಪೋಸ್ಟರ್ ಬೇಕಿಲ್ಲ. ಮೈಕ್‌ಸೆಟ್ ಬಾಡಿಗೆ ಕೊಡುವವರನ್ನು ಹಿಡಿಯಿರಿ. ಯಾವ ಊರಲ್ಲಿ ಯಾರು ಚಲೋ ಹಾಡುತ್ತಾರೆ, ಯಾವ ಮಂಡಳಿಯವರು ದುಡ್ಡು ಸರಿಯಾಗಿ ಕೊಡುತ್ತಾರೆ ಎಂಬುದು ಅವರಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಕಳಿಸಿದ ಪ್ರತಿ ಹಾಡಿಗೆ ಅವರಿಗೊಂದಿಷ್ಟು ಕಮಿಷನ್ ಕೊಟ್ಟರೆ ತಪ್ಪೇನು? ಶ್ರಾವಣಕ್ಕೆ, ಗಣಪತಿಗೆ, ಶಿವರಾತ್ರಿಯ ಸಿದ್ಧಾರೂಢರ ಜಾತ್ರೆಗೆ ಹಾಡು ಬಿಡುವವರು ಬಹಳ. ಅವರ ಬಳಿ ಒಂದು ತಿಂಗಳು ಮುಂಚೆ ಹೋಗಬೇಕು, ಹಬ್ಬದ ದಿನ ಅಲ್ಲ.

ಹೋದಾಗ ಭಾಷಣ ಬೇಡ. ಅವರದೇ ಹಾಡಿನ ಅರ್ಧ ನಿಮಿಷವನ್ನು ಪುಕ್ಕಟೆ ಹದ ಮಾಡಿ, ಮೊದಲಿನದು ಮತ್ತು ಈಗಿನದು ಎರಡನ್ನೂ ಅವರ ಫೋನಿನಲ್ಲೇ ಕೇಳಿಸಬೇಕು. ಎರಡರ ಜೋರೂ ಒಂದೇ ಇರಲಿ. ಜೋರಿದ್ದದ್ದೇ ಚಲೋ ಅನಿಸುವುದು ಕಿವಿಯ ಚಾಳಿ, ಅದನ್ನು ಬಳಸಿ ದುಡ್ಡು ಕೀಳುವುದು ಮೋಸ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಮಾಡಿ ಕಳಿಸಿ.

"ಇನ್ನಾ ಜೋರ್ ಮಾಡ್ರಿ" ಎಂದು ಎಲ್ಲರೂ ಕೇಳುತ್ತಾರೆ. ಮಿತಿ ಮೀರಿ ಜೋರು ಮಾಡಿದ ಹಾಡನ್ನು ಯೂಟ್ಯೂಬ್ ತಾನೇ ತಗ್ಗಿಸುತ್ತದೆ. ಅವರ ಅಳತೆಯಲ್ಲಿ ಅದು ಮೈನಸ್ 14ರ ಆಸುಪಾಸು. ಆಮೇಲೆ ಉಳಿಯುವುದು ಚಪ್ಪಟೆ ದನಿ ಅಷ್ಟೇ. ಇನ್ನು ಡೊಳ್ಳಿನ ಕೆಳಗಿನ ಗುಡುಗು ಫೋನಿನ ಸಣ್ಣ ಸ್ಪೀಕರಿನಲ್ಲಿ ಬರುವುದೇ ಇಲ್ಲ. ಅಲ್ಲಿ ಕೋಲಿನ ಪೆಟ್ಟನ್ನು ಎತ್ತಿ ಕೊಟ್ಟರೆ ಡೊಳ್ಳು ಡೊಳ್ಳಿನಂತೆ ಕೇಳುತ್ತದೆ. ಇಂಥದ್ದನ್ನು ಗಾಯಕನಿಗೆ ಎರಡು ಮಾತಿನಲ್ಲಿ ತಿಳಿಸಿ ಹೇಳುವವನ ಹತ್ತಿರ ಅವನು ಮತ್ತೆ ಬರುತ್ತಾನೆ, ನಾಲ್ಕು ಮಂದಿಯನ್ನು ಕರೆದುಕೊಂಡೂ ಬರುತ್ತಾನೆ.

ಹಳೆಯ ಕ್ಯಾಸೆಟ್ಟುಗಳೂ ಇವೆ. ಅಜ್ಜ ಹಾಡಿದ ತತ್ವಪದ, ಊರ ನಾಟಕದ ರೆಕಾರ್ಡಿಂಗ್ ಎಷ್ಟೋ ಮನೆಯ ಟ್ರಂಕಿನಲ್ಲಿ ಬೂಸು ಹಿಡಿಯುತ್ತಿವೆ. ಅವನ್ನು ತೊಳೆದು ಪೆನ್‌ಡ್ರೈವಿಗೆ ಇಳಿಸಿ ಕೊಡುವುದೂ ಒಂದು ಕೆಲಸವೇ. ಕಂಪನಿಯವರ ಕ್ಯಾಸೆಟ್ ಆದರೆ ಮಾತ್ರ ಯೂಟ್ಯೂಬಿಗೆ ಹಾಕುವಂತಿಲ್ಲ, ಹಕ್ಕು ಅವರದು.

ರೇಟು ತಾಸಿನ ಲೆಕ್ಕದಲ್ಲಿ ಬೇಡ, ಹಾಡಿಗೆ ಇಷ್ಟು ಎಂದು ಮೊದಲೇ ಹೇಳಿ, ಅರ್ಧ ಮುಂಗಡ ಇಸಿದುಕೊಳ್ಳಿ. ಎಷ್ಟು ಸಲ ತಿದ್ದಿ ಕೊಡುತ್ತೀರಿ ಎಂಬುದನ್ನೂ ಹೇಳಿಬಿಡಿ. ಇಲ್ಲದಿದ್ದರೆ ಗಾಯಕನ ಮಾವ, ಸೋದರಳಿಯ, ತಬಲಾದವ ಎಲ್ಲರೂ ಒಂದೊಂದು ತಿದ್ದುಪಡಿ ತರುತ್ತಾರೆ.