ಅಮ್ಮನ ಕೂಲಿ ಸೇರಿಸಿದರೆ ಬಾಕ್ಸ್‌ಗೆ 220

ಭಾನುವಾರ ಬೆಳಗ್ಗೆ ಆರ್.ಟಿ. ನಗರದ ನಮ್ಮ ಬೀದಿಗೆ ತರಕಾರಿ ಗಾಡಿ ಬಂತು. ಟೊಮೆಟೊ ಕೆ.ಜಿ.ಗೆ 30 ಅಂದ್ರು. ‘ಇಪ್ಪತ್ತೈದಕ್ಕೆ ಕೊಡಿ’ ಅಂತ ಎಲ್ಲರ ಹಾಗೆ ನಾನೂ ಚೌಕಾಸಿ ಮಾಡಿದೆ. ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಅಪ್ಪನ ಫೋನ್: ‘ಬೆಳೆ ಮುಗೀತು ಕಣೋ. ಸರಾಸರಿ ಬಾಕ್ಸ್‌ಗೆ 190 ಬಿತ್ತು. ಹತ್ತು ರೂಪಾಯಿ ಉಳೀತು. ಪಕ್ಕದ ಎರಡೆಕರೆ ಗುತ್ತಿಗೆಗೆ ತಗೊಳ್ಳೋಣ ಅಂತಿದೀನಿ. ಮೂರು ಲಕ್ಷ ಆಗುತ್ತಾ ನಿನ್ ಹತ್ರ?’

ನಮ್ಮೂರು ಶ್ರೀನಿವಾಸಪುರದ ಕಡೆ. ಅಪ್ಪನ ಟೊಮೆಟೊ ಹೋಗೋದು ಕೋಲಾರ ಎಪಿಎಂಸಿಗೆ. 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ ಅಲ್ಲಿ ಹರಾಜು. ಅಲ್ಲಿಂದ ಲಾರಿಗಳು ಸುಮಾರು 2000 ಕಿ.ಮೀ. ಓಡಿ ಪೆಟ್ರಾಪೋಲ್ ಗಡಿ ದಾಟಿ ಬಾಂಗ್ಲಾದೇಶಕ್ಕೂ ಹೋಗುತ್ತವೆ. ದೂರದ ದಾರಿಗೆ ತಾಳಬೇಕು ಅಂದ್ರೆ ದೋರೆಗಾಯಿ ಇದ್ದಾಗಲೇ ಕೀಳಬೇಕು. ರೇಟು ಹೆಚ್ಚು ಅನಿಸಿದರೆ ವ್ಯಾಪಾರಿಗೆ ಪಕ್ಕದಲ್ಲೇ ಆಂಧ್ರದ ಮದನಪಲ್ಲಿ ಇದೆ. ಮಳೆಗಾಲ ಕಳೆದರೆ ನಾಸಿಕ್ ಇದೆ. 2024ರ ಆಗಸ್ಟ್‌ನಲ್ಲಿ ಢಾಕಾದಲ್ಲಿ ಸರ್ಕಾರ ಬಿದ್ದಾಗ ಆ ಗಡಿಯಲ್ಲಿ ಸರಕು ಸಾಗಣೆಯೇ ಕೆಲವು ದಿನ ನಿಂತಿತ್ತು. ಗಿಡಕ್ಕೆ ಅದೆಲ್ಲ ಗೊತ್ತಾಗಲ್ಲ, ಹಣ್ಣು ಬಿಡ್ತಾನೇ ಇರುತ್ತೆ.

ಕೆಲಸದ ಅಭ್ಯಾಸ, ಅಪ್ಪನ ಡೈರಿಯನ್ನು ಎಕ್ಸೆಲ್‌ಗೆ ಹಾಕಿದ್ದೆ. ಸಸಿ, ಗೊಬ್ಬರ, ಮಲ್ಚಿಂಗ್ ಶೀಟು, ಕಡ್ಡಿ, ದಾರ, ಔಷಧಿ, ಆಳು ಸೇರಿ ಎಕರೆಗೆ 1,82,000. ಬಂದಿದ್ದು 1300 ಬಾಕ್ಸ್. ಅಲ್ಲಿಗೆ ಬಾಕ್ಸ್‌ಗೆ 140. ಕೀಳುವ ಕೂಲಿ, ಗಾಡಿ ಬಾಡಿಗೆ, ಮಂಡಿ ಖರ್ಚು ಇನ್ನೊಂದು 40. ಒಟ್ಟು 180. ಅಪ್ಪನ ಲೆಕ್ಕ ಸರಿಯಾಗೇ ಇತ್ತು.

ಆದರೆ ನಾನು ಮೊದಲು ಹಾಕಿದ್ದ ಒಂದು ಸಾಲು ಕಾಣಿಸಲಿಲ್ಲ. ‘ಮನೆಯವರ ಕೂಲಿ’ ಅಂತ ಬರೆದಿದ್ದೆ. ಇಬ್ಬರದೂ ಸೇರಿಸಿ ಒಬ್ಬಾಳಿನ ಲೆಕ್ಕವೇ ಹಿಡಿದರೂ 130 ದಿನ, ದಿನಕ್ಕೆ 400, ಒಟ್ಟು 52,000. ಬಾಕ್ಸ್‌ಗೆ ಇನ್ನೂ 40. ಅಂದರೆ ಬಾಕ್ಸ್‌ನ ನಿಜವಾದ ಖರ್ಚು 220. ಉಳಿದಿದ್ದು 13,000 ಅಲ್ಲ, ಕಳೆದಿದ್ದು 39,000. ‘ಅದನ್ನ ತಮ್ಮನ ಕೈಲಿ ಅಳಿಸಿದೆ’ ಅಂದ್ರು ಅಪ್ಪ. ‘ಅದೆಲ್ಲ ಹಾಕ್ತಾ ಕೂತ್ರೆ ಯಾರಪ್ಪ ಬೆಳೀತಾರೆ?’

ಬೆಂಬಲ ಬೆಲೆ ಇರುವ ಬೆಳೆಗಳಿಗೆ ಕೇಂದ್ರದ ಆಯೋಗ ಮನೆಯವರ ದುಡಿಮೆಯನ್ನೂ ಖರ್ಚಿಗೆ ಸೇರಿಸುತ್ತದೆ. ಟೊಮೆಟೊಗೆ ಬೆಂಬಲ ಬೆಲೆಯೇ ಇಲ್ಲ. ಹಾಗಾಗಿ ಗಡಿಯಾಚೆ ನಮ್ಮ ಹಣ್ಣು ಅಗ್ಗವಾಗಿ ನಿಲ್ಲೋದು ಬಹುಪಾಲು ಅಳಿಸಿದ ಆ ಸಾಲಿನಿಂದ.

‘2023 ನೆನಪಿದೆಯಾ?’ ಅಂತ ಅಪ್ಪ ಕೇಳ್ತಾರೆ. ಹೇಗೆ ಮರೆಯೋದು? ಆ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸ್ 2000 ದಾಟಿತ್ತು. ಆಗಸ್ಟ್‌ನಲ್ಲಿ ನೇಪಾಳದಿಂದ ಟೊಮೆಟೊ ತರಿಸೋ ಸ್ಥಿತಿ ಬಂತು. ನಮ್ಮ ತೋಟಕ್ಕೆ ಮಾತ್ರ ಆಗ ಎಲೆ ಮುದುರು ರೋಗ. ಆ ಒಂದು ಜುಲೈ ನೆಚ್ಚಿಕೊಂಡೇ ಊರೆಲ್ಲ ನಾಟಿ ಮಾಡುತ್ತೆ, ಎಲ್ಲರ ಹಣ್ಣೂ ಒಟ್ಟಿಗೇ ಬರುತ್ತೆ.

ಎರಡೆಕರೆ ಹೆಚ್ಚಾದರೆ ನಷ್ಟವೂ ಅಷ್ಟೇ ಹೆಚ್ಚಾಗುತ್ತೆ ಅಂದೆ. ಇರೋ ಎಕರೆಯಲ್ಲೇ 1800 ಬಾಕ್ಸ್ ಬಂದರೆ, ಮನೆಯವರ ಕೂಲಿ ಸೇರಿಸಿದರೂ ಖರ್ಚು 170ಕ್ಕೆ ಇಳಿಯುತ್ತೆ. ಅದಕ್ಕೆ ರೋಗ ತಡೆಯಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಎಲೆ ಮುದುರು, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆಯುತ್ತೆ. ‘ಅರ್ಧ ಎಕರೆಗೆ ಹಾಕಿ ನೋಡೋಣ, ಆ ಖರ್ಚು ನಂದು. ಗುತ್ತಿಗೆಗೆ ಮಾತ್ರ ಕೊಡಲ್ಲ’ ಅಂದೆ. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಫೋನ್ ಅಮ್ಮನ ಕೈಗೆ ಕೊಟ್ರು.

ಊರಿಗೆ ದುಡ್ಡು ಕಳಿಸೋ ನನ್ನಂಥವರು ತುಂಬಾ ಜನ ಇದ್ದೀರಿ. ಕಳಿಸೋ ಮುಂಚೆ ಆ ಒಂದು ಸಾಲು ಬರೆದು ನೋಡಿ.

ಅಮ್ಮ ಎಲ್ಲ ಕೇಳಿಸಿಕೊಂಡಿದ್ರು. ಅವರ ಅನುಮಾನ ಬೇರೆ: ‘ದಿನಕ್ಕೆ ನಾನೂರು ಅಂತ ಹಾಕಿದ್ದೀಯಂತೆ? ತಪ್ಪು ಕಣಪ್ಪ. ಇಲ್ಲಿ ಹೆಣ್ಣಾಳಿಗೆ ಮುನ್ನೂರೇ ಕೊಡೋದು.’

ನಾನು ಸಾಲು ವಾಪಸ್ ಹಾಕಿದ್ದೇನೆ. ನಾನೂರೇ ಇಟ್ಟಿದ್ದೇನೆ.