ನೂರು ವರ್ಷದ ಯಂತ್ರಕ್ಕೆ ಕೆಜಿ ಲೆಕ್ಕದ ಬೆಲೆಯೇ?

ಭದ್ರಾವತಿಯ ವಿಐಎಸ್‌ಎಲ್ ಬಗ್ಗೆ ನಮ್ಮ ರಾಜಕಾರಣಿಗಳ ಬಾಯಲ್ಲಿ ಇರೋದು ಎರಡೇ ಮಾತು. ಒಂದು, ಮುಚ್ಚುತ್ತೇವೆ. ಇನ್ನೊಂದು, ಪುನಶ್ಚೇತನ ಮಾಡುತ್ತೇವೆ. 2023ರ ಜನವರಿಯಲ್ಲಿ ಭಾರತೀಯ ಉಕ್ಕು ಪ್ರಾಧಿಕಾರ ಕಾರ್ಖಾನೆ ಮುಚ್ಚುವ ತೀರ್ಮಾನ ಮಾಡಿತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಭದ್ರಾವತಿಗೆ ಬಂದು ಪುನಶ್ಚೇತನದ ಭರವಸೆ ಕೊಟ್ಟರು. ಈ ಎರಡು ಮಾತುಗಳ ನಡುವೆ ಯಾರೂ ಎತ್ತದ ಪ್ರಶ್ನೆಯೊಂದಿದೆ: ಒಳಗಿರುವ ಹಳೆಯ ಯಂತ್ರಗಳ ಗತಿ ಏನು?

ಕಾರ್ಖಾನೆ ಮುಚ್ಚಿದರೆ ಅವು ಗುಜರಿಗೆ. ಹೊಸ ಬಂಡವಾಳ ಬಂದರೆ ಜಾಗ ಖಾಲಿ ಮಾಡಬೇಕಲ್ಲ, ಆಗಲೂ ಗುಜರಿಗೇ. ಸರ್ಕಾರಿ ಉದ್ದಿಮೆಗಳ ಹಳೆಯ ಕಬ್ಬಿಣವನ್ನು ಇ-ಹರಾಜು ಹಾಕುವ ಎಂಎಸ್‌ಟಿಸಿ ಸಂಸ್ಥೆ ಇರುವುದು ಕೂಡ ಇದೇ ಉಕ್ಕು ಸಚಿವಾಲಯದ ಅಡಿಯಲ್ಲಿ. ಹರಾಜಿನಲ್ಲಿ ಯಂತ್ರದ ತೂಕ ನೋಡುತ್ತಾರೆ. ಅದರ ವಯಸ್ಸನ್ನಾಗಲಿ, ಅದನ್ನು ಓಡಿಸಿದವರ ಹೆಸರನ್ನಾಗಲಿ ಕೇಳುವ ಕಾಲಂ ಅಲ್ಲಿರುವುದಿಲ್ಲ.

ಭದ್ರಾವತಿಯ ಗೋಳು ನಮಗ್ಯಾಕೆ ಅಂತ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಯುವಕರು ಕೇಳಬಹುದು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟುವವರೆಗೆ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದವು. ನ್ಯಾಮತಿ ಆಗ ಹೊನ್ನಾಳಿಯ ಭಾಗ. ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ಈ ತಾಲ್ಲೂಕುಗಳ ಒಂದು ಮಗ್ಗುಲಿಗೆ ಭದ್ರಾವತಿಯ ಕುಲುಮೆ, ಇನ್ನೊಂದು ಮಗ್ಗುಲಿಗೆ ದಾವಣಗೆರೆಯ ಹತ್ತಿ ಗಿರಣಿಗಳು ಮತ್ತು ಹರಿಹರದ ಕಿರ್ಲೋಸ್ಕರ್. 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನಿಸಿಕೊಂಡಿದ್ದ ಊರಿನ ಗಿರಣಿಗಳು ಒಂದೊಂದಾಗಿ ನಿಂತವು. ಆ ಯಂತ್ರಗಳಲ್ಲಿ ಒಂದಾದರೂ ತಿರುಗುವುದನ್ನು ಇವತ್ತು ಮಕ್ಕಳಿಗೆ ತೋರಿಸುವ ಜಾಗ ದಾವಣಗೆರೆಯಲ್ಲಿ ಎಲ್ಲಿದೆ ಹೇಳಿ?

ಹರಿಹರದ ಕಥೆ ಸ್ವಲ್ಪ ಬೇರೆ. ಅಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಈಗಿಲ್ಲ. ಆದರೆ ಅದು ತಯಾರಿಸಿದ ಲೇತ್‌ಗಳು ದೇಶದ ಎಷ್ಟೋ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಇಂದಿಗೂ ತಿರುಗುತ್ತಿವೆ. ಕಂಪನಿ ಹೋದರೂ ಯಂತ್ರ ಉಳಿದದ್ದು ಹೇಗೆ? ಬೇರಿಂಗ್ ಸವೆದಾಗ ಬದಲಿಸಬಲ್ಲ, ಗೇರ್ ಹಲ್ಲು ಮುರಿದಾಗ ಹೊಸದು ಕೊರೆಯಬಲ್ಲ ಕೈಗಳು ಇದ್ದವು, ಅದಕ್ಕೆ. ಯಂತ್ರವನ್ನು ಉಳಿಸೋದು ಅದನ್ನು ಬಲ್ಲ ಮನುಷ್ಯ.

ಲೇತ್‌ನ ಮಾತೇ ಹೀಗಾದರೆ ಮನೆ ಗಾತ್ರದ ಎಂಜಿನ್‌ನ ಮಾತು ಕೇಳಬೇಕೆ? ದಶಕಗಳಿಂದ ನಿಂತ ಯಂತ್ರಕ್ಕೆ ಸ್ವಿಚ್ ಒತ್ತಿದರೆ ಆಗುವುದಿಲ್ಲ. ಮೊದಲು ಸಿಲಿಂಡರ್‌ಗೆ ಎಣ್ಣೆ ಬಿಟ್ಟು, ತುಕ್ಕು ಹಿಡಿದ ಪಿಸ್ಟನ್ ರಿಂಗ್‌ಗಳು ಸಡಿಲವಾಗುವವರೆಗೆ ಕಾಯಬೇಕು. ಟನ್‌ಗಟ್ಟಲೆ ತೂಗುವ ಫ್ಲೈವೀಲನ್ನು ಸನ್ನೆಕೋಲು ಹಾಕಿ ಇಂಚಿಂಚಾಗಿ ತಿರುಗಿಸಿ, ಎಲ್ಲಿ ಹಿಡಿಯುತ್ತಿದೆ ಎಂದು ನೋಡಬೇಕು. ಸವೆದ ಬೇರಿಂಗ್‌ಗೆ ವೈಟ್ ಮೆಟಲ್ ಕರಗಿಸಿ ಹೊಸದಾಗಿ ಎರಕ ಹೊಯ್ದು, ಶಾಫ್ಟಿಗೆ ಸರಿಯಾಗಿ ಕೂರುವಂತೆ ಕೈಯಲ್ಲೇ ಕೆರೆಯಬೇಕು. ಉಗಿ ಎಂಜಿನ್ ಆದರೆ ಬಾಯ್ಲರ್ ತಪಾಸಣೆ, ಪ್ರಮಾಣಪತ್ರ ಬೇರೆ. ಅಷ್ಟು ದುಡ್ಡಿಲ್ಲದ ಕಡೆ ಒತ್ತಡದ ಗಾಳಿಯಿಂದ, ಇಲ್ಲವೇ ಪುಟ್ಟ ಮೋಟಾರಿನಿಂದ ನಿಧಾನಕ್ಕೆ ತಿರುಗಿಸಿ ತೋರಿಸುವುದೂ ಉಂಟು. ಸದ್ದು ಕೇಳಿಯೇ ತೊಂದರೆ ಎಲ್ಲಿದೆ ಎಂದು ಹೇಳುವ ಕಿವಿ ಮಾತ್ರ ಯಾವ ಕೈಪಿಡಿಯಲ್ಲೂ ಸಿಗಲ್ಲ. ಆ ಕಿವಿಗಳಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು.

ಇದೆಲ್ಲ ನಮ್ಮ ಕೈಲಾಗದ ಕೆಲಸವೇನೂ ಅಲ್ಲ. 1855ರ 'ಫೇರಿ ಕ್ವೀನ್' ಉಗಿ ಎಂಜಿನ್ನನ್ನು ದುರಸ್ತಿ ಮಾಡಿ 1997ರಲ್ಲಿ ಮತ್ತೆ ಹಳಿ ಮೇಲೆ ಓಡಿಸಿದ್ದು ನಮ್ಮದೇ ರೈಲ್ವೆ. ಇಂಗ್ಲೆಂಡಿನ ಕ್ರಾಫ್ಟನ್‌ನಲ್ಲಿ 1812ರ ಪಂಪಿಂಗ್ ಎಂಜಿನ್ ಒಂದನ್ನು ಸ್ವಯಂಸೇವಕರು ಈಗಲೂ ಓಡಿಸುತ್ತಾರೆ. ಭದ್ರಾವತಿಗೆ ಇನ್ನೂ ಹತ್ತಿರದ ಉದಾಹರಣೆ ಜರ್ಮನಿಯ ಫೋಕ್ಲಿಂಗೆನ್ ಕಬ್ಬಿಣದ ಕಾರ್ಖಾನೆ. ಅಲ್ಲಿ 1986ರಲ್ಲಿ ಕುಲುಮೆ ಆರಿತು. ಕುಲುಮೆಗೆ ಗಾಳಿ ಊದುತ್ತಿದ್ದ ದೈತ್ಯ ಎಂಜಿನ್‌ಗಳನ್ನು ಅವರು ಕರಗಿಸಲಿಲ್ಲ. 1994ರಲ್ಲಿ ಇಡೀ ಕಾರ್ಖಾನೆ ಯುನೆಸ್ಕೋ ವಿಶ್ವ ಪರಂಪರೆಯ ತಾಣವಾಯಿತು.

ನಮ್ಮಲ್ಲಿ ಏನಾಗಿದೆ? ಮೂರು ಕಿಲೋಮೀಟರಿಗೂ ಆಳ ಇಳಿದಿದ್ದ ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. 2024ರಲ್ಲಿ ರಾಜ್ಯ ಸಂಪುಟ ಅಲ್ಲಿನ ಸೈನೈಡ್ ಗುಡ್ಡಗಳಲ್ಲಿ ಉಳಿದಿರುವ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಮಣ್ಣಿನ ರಾಶಿಯ ಚಿನ್ನಕ್ಕೆ ಲೆಕ್ಕ ಸಿಕ್ಕಿದೆ. ಗಣಿಗೆ ಜನರನ್ನು ಇಳಿಸಿ, ಮೇಲೆತ್ತಿ ತರುತ್ತಿದ್ದ ಯಂತ್ರಗಳಿಗೆ, ಅವನ್ನು ನಡೆಸಿದವರ ವಿದ್ಯೆಗೆ ಲೆಕ್ಕ ಇಡುವವರು ಯಾರು?

ಕಾನೂನೂ ಇಲ್ಲಿ ಅರ್ಧ ದಾರಿಗೇ ನಿಲ್ಲುತ್ತದೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ, ಐತಿಹಾಸಿಕ ಮಹತ್ವದ ವಸ್ತು ಪ್ರಾಚ್ಯವಸ್ತು ಎನಿಸಿಕೊಳ್ಳಲು ನೂರು ವರ್ಷ ತುಂಬಿರಬೇಕು. ಭದ್ರಾವತಿಯಲ್ಲಿ ಕಬ್ಬಿಣದ ಉತ್ಪಾದನೆ ಶುರುವಾಗಿದ್ದು 1923ರಲ್ಲಿ. ಅಂದರೆ, ನೂರು ತುಂಬಿದ ವರ್ಷವೇ ಮುಚ್ಚುವ ತೀರ್ಮಾನ ಹೊರಬಿತ್ತು. ಆದರೆ ಆ ಕಾಯ್ದೆಯ ಕಣ್ಣಿರುವುದು ಮುಖ್ಯವಾಗಿ ವಿಗ್ರಹ, ವರ್ಣಚಿತ್ರಗಳು ವಿದೇಶಕ್ಕೆ ಸಾಗದಂತೆ ತಡೆಯುವುದರ ಮೇಲೆ. ಕಾರ್ಖಾನೆಯ ಎಂಜಿನ್ ಪಕ್ಕದೂರಿನ ಕುಲುಮೆಯಲ್ಲಿ ಕರಗಿಹೋದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

'ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು' ಎಂದು ಕೆಲವರು ನಗಬಹುದು. ಕೆಲಸ ಕಳೆದುಕೊಂಡವರಿಗೆ ಮ್ಯೂಸಿಯಂ ಅನ್ನ ಹಾಕುತ್ತದೆಯೇ? ನ್ಯಾಯವಾದ ಪ್ರಶ್ನೆ. ಉದ್ಯೋಗದ ಬೇಡಿಕೆ ಮೊದಲು, ಅದರಲ್ಲಿ ರಾಜಿ ಬೇಡ. ಆದರೆ ಇದು ಆ ಬೇಡಿಕೆಗೆ ಎದುರಾದದ್ದಲ್ಲ. ಹಳೆಯ ಯಂತ್ರಗಳ ವಿಲೇವಾರಿ ಸದ್ದಿಲ್ಲದೆ ನಡೆದುಹೋದರೆ, ಇಲ್ಲೊಂದು ದುಡಿಯುವ ವರ್ಗ ಇತ್ತು ಅನ್ನುವುದಕ್ಕೆ ಸಾಕ್ಷಿಯೂ ಉಳಿಯುವುದಿಲ್ಲ. ಸರ್ ಎಂ.ವಿ. ಹೆಸರು ಕಾರ್ಖಾನೆಗಿದೆ, ಬೆಂಗಳೂರಿನಲ್ಲಿ 1962ರಿಂದ ಅವರ ಹೆಸರಿನ ತಾಂತ್ರಿಕ ಮ್ಯೂಸಿಯಂ ಇದೆ. ಕುಲುಮೆಯ ಬಿಸಿಗೆ ಮೈಯೊಡ್ಡಿದವರ ಹೆಸರು ಎಲ್ಲಿದೆ?

ಹಾಗಂತ ಹಳೆಯದಕ್ಕೆಲ್ಲ ಆರತಿ ಎತ್ತಬೇಕಿಲ್ಲ. ಆ ಕಾರ್ಖಾನೆಯ ಮೊದಲ ಕುಲುಮೆ ಉರಿದಿದ್ದು ಮಲೆನಾಡಿನ ಮರಗಳ ಇದ್ದಿಲಿನಿಂದ. ಕಡಿದ ಕಾಡಿನ ಕಥೆಯನ್ನೂ, ಕೈಬೆರಳು ಕಳೆದುಕೊಂಡವರ ಕಥೆಯನ್ನೂ ಯಂತ್ರದ ಪಕ್ಕದಲ್ಲೇ ಹೇಳಬೇಕು. ಇಲ್ಲದಿದ್ದರೆ ಅದು ಸೆಲ್ಫಿ ಪಾಯಿಂಟ್ ಆಗುತ್ತದೆ, ಅಷ್ಟೇ.

ಹಾಗಾಗಿ ಕೇಳಬೇಕಾದ್ದು ಮೂರು. ಒಂದು, ವಿಐಎಸ್‌ಎಲ್‌ನ ಯಾವುದೇ ಯಂತ್ರ ಹರಾಜಿಗೆ ಹೋಗುವ ಮುನ್ನ ಅದರ ವರ್ಷ, ತಯಾರಕರು, ಈಗಿನ ಸ್ಥಿತಿಯ ಪಟ್ಟಿ ಸಾರ್ವಜನಿಕರ ಮುಂದೆ ಬರಲಿ. ಎರಡು, ಸುತ್ತಲಿನ ತಾಲ್ಲೂಕುಗಳ ಐಟಿಐ ವಿದ್ಯಾರ್ಥಿಗಳು ನಿವೃತ್ತ ಕಾರ್ಮಿಕರ ಜೊತೆ ಕೂತು ಅವರ ಕೆಲಸವನ್ನು ವಿಡಿಯೊದಲ್ಲಿ ದಾಖಲಿಸಲಿ. ಅದಕ್ಕೆ ಅಂಕ ಸಿಗಲಿ, ಕಲಿಸುವ ಕಾರ್ಮಿಕರಿಗೆ ಗೌರವಧನ ಸಿಗಲಿ. ಮೂರು, ಕನಿಷ್ಠ ಒಂದು ದೊಡ್ಡ ಯಂತ್ರವನ್ನಾದರೂ ತಿರುಗುವ ಸ್ಥಿತಿಯಲ್ಲಿ ಉಳಿಸಿಕೊಳ್ಳಲಿ.

ಮೊದಲನೆಯದಕ್ಕೆ ಮಾಹಿತಿ ಹಕ್ಕಿನ ಒಂದು ಅರ್ಜಿ, ಹತ್ತು ರೂಪಾಯಿ ಸಾಕು. ಎರಡನೆಯದಕ್ಕೆ ಕಾಯುವಷ್ಟು ಸಮಯ ಇಲ್ಲ. ಯಂತ್ರ ಇನ್ನೂ ಹತ್ತು ವರ್ಷ ತುಕ್ಕು ಹಿಡಿದು ನಿಂತಿದ್ದೀತು. ಅದನ್ನು ಬಲ್ಲ ಹಿರಿಯರು ನಮಗೋಸ್ಕರ ಹಾಗೆ ಕಾದಿರಲಾರರು.